ತಳದಿಂದ ಹೊರಟ ಬೇರು

ಇಂದು ಬೆಳಿಗ್ಗೆ ತಾರಸಿಯಲ್ಲಿ ಅಂಜೂರದ ಕುಂಡವನ್ನು ಸರಿಸಲು ಹೋದರೆ ಅದು ಜಗ್ಗಲೇ ಇಲ್ಲ. ಬಗ್ಗಿ ನೋಡಿದೆ. ನೀರಿಳಿಯುವ ತೂತುಗಳಿಂದ ಪೆನ್ಸಿಲ್ ದಪ್ಪದ ಎರಡು ಬೇರುಗಳು ಹೊರಬಂದು, ಪಕ್ಕದ ತುಳಸಿ ಕುಂಡದಡಿಯ ತೇವದ ಮಣ್ಣಿನಲ್ಲಿ ಬಿಳಿ ಜಡೆಯಂತೆ ಹರಡಿಕೊಂಡಿದ್ದವು. ಬಳ್ಳಾರಿಯಿಂದ ತಂದ ಕಡ್ಡಿ ನೆಟ್ಟು ಇನ್ನೂ ಒಂದೂವರೆ ವರ್ಷ! ಆಲ, ಅರಳಿ, ಅತ್ತಿಗಳ ಕುಲದ ಗಿಡವಲ್ಲವೇ, ಗೋಡೆಯ ಬಿರುಕಿನಲ್ಲೂ ಬದುಕುವ ಛಲ ಇದಕ್ಕೂ ಬಂದಿದೆ.

ಇಂಥ ಬೇರನ್ನು ಎಳೆದು ಕೀಳಬಾರದು, ಒಳಗಿನ ಎಳೆ ಬೇರುಗಳೂ ಹರಿದುಹೋಗುತ್ತವೆ. ಕೈಗವಸು ಹಾಕಿಕೊಂಡು (ಅಂಜೂರದ ಹಾಲು ತಾಗಿದರೆ ಚರ್ಮ ಉರಿಯುತ್ತದೆ) ಚೂಪಾದ ಕತ್ತರಿಯಿಂದ ತೂತಿನ ಮಟ್ಟಕ್ಕೆ ಕತ್ತರಿಸಿದೆ. ಕೈ ಒಂದು ಕ್ಷಣ ತಡೆಯಿತು. ಇಷ್ಟು ದಿನ ಹಸಿರು ಎಲೆಗಳನ್ನು ನೋಡಿ ಗಿಡ ಸುಖವಾಗಿದೆ ಎಂದುಕೊಂಡಿದ್ದೆ. ಅದು ಕೆಳಗಿನಿಂದ ಜಾಗ ಕೇಳುತ್ತಿತ್ತು.

ಒಳಗೆ ಸುರುಳಿ ಸುತ್ತಿದ್ದ ಬೇರುಗಳನ್ನು ಬಿಡಿಸಿ, 10 ಇಂಚಿನ ಕುಂಡದಿಂದ 14 ಇಂಚಿನದಕ್ಕೆ ಬದಲಾಯಿಸಿದ್ದೇನೆ. ಕುಂಡದ ಕೆಳಗೆ ಮೂರು ಇಟ್ಟಿಗೆ ಕೊಟ್ಟಿದ್ದೇನೆ, ಗಾಳಿಯಾಡಿದರೆ ಹೊರಬರುವ ಬೇರಿನ ತುದಿ ತಾನಾಗಿಯೇ ಒಣಗುತ್ತದೆ. ಒಂದು ವಾರ ನೆರಳು. ಸಂಜೆ ಎಲೆಗಳು ತುಸು ಬಾಡಿದ್ದವು. ಮಲಗುವ ಮುಂಚೆ ಇನ್ನೊಮ್ಮೆ ನೋಡಿ ಬರುತ್ತೇನೆ.