ವಸತಿ ನೋಡುವ ಮುಂಚೆ ಸಾಲ ಕೇಳಿ: ವಲಸೆ ಕಾರ್ಮಿಕರ ತಪಾಸಣೆಯ ಪಾಠಗಳು

ವಲಸೆ ಕಾರ್ಮಿಕರ ಸ್ಥಿತಿಗತಿ ಪರಿಶೀಲಿಸಲು ಹೋದವರು ಸಾಮಾನ್ಯವಾಗಿ ಮೊದಲು ವಸತಿಗೆ ಹೋಗುತ್ತಾರೆ. ಕೋಣೆಗೆ ಎಷ್ಟು ಮಂಚ, ಶೌಚಾಲಯ ಎಷ್ಟು, ತುರ್ತು ಬಾಗಿಲಿಗೆ ಬೀಗ ಇದೆಯೇ ಎಂದು ನೋಡುತ್ತಾರೆ. ನೋಡಲೇಬೇಕು, ಬೀಗ ಜಡಿದ ಬಾಗಿಲು ಜೀವ ತೆಗೆಯುತ್ತದೆ. ಆದರೆ ಬಣ್ಣ ಬಳಿಸಿ, ಹೆಚ್ಚುವರಿ ಮಂಚ ಹೊರಗೆ ಸಾಗಿಸಿದರೆ ವಸತಿ ರಾತ್ರೋರಾತ್ರಿ ಚೆಂದವಾಗುತ್ತದೆ. ಕೆಲಸ ಸಿಗಲೆಂದು ಮಾಡಿದ ಸಾಲ ಹಾಗೆ ಮಾಯವಾಗುವುದಿಲ್ಲ. ಸಾಲ ತಲೆಯ ಮೇಲಿರುವವರು ಬಾಕಿ ಸಂಬಳ, ಬೈಗುಳ, ಮುಗಿಯದ ಓಟಿ ಎಲ್ಲವನ್ನೂ ನುಂಗಿಕೊಳ್ಳುತ್ತಾರೆ. ಕೆಲಸ ಬಿಟ್ಟರೂ ಬಡ್ಡಿ ನಿಲ್ಲುವುದಿಲ್ಲವಲ್ಲ.

"ಕಮಿಷನ್ ಕೊಟ್ಟಿದ್ದೀರಾ?" ಎಂದು ನೇರವಾಗಿ ಕೇಳಿದರೆ "ಇಲ್ಲ" ಎಂಬ ಉತ್ತರ ಬರುತ್ತದೆ. ಹಾಗೆನ್ನಬೇಕೆಂದು ಕೆಲಸ ಕೊಡಿಸಿದ ಏಜೆಂಟ್ ಹೇಳಿಕೊಟ್ಟಿರುತ್ತಾನೆ. ಕೆಲವೆಡೆ ಏನೂ ಕೊಟ್ಟಿಲ್ಲ ಎಂಬ ಕಾಗದಕ್ಕೆ ಸಹಿಯನ್ನೂ ಹಾಕಿಸಿರುತ್ತಾನೆ. ಇನ್ನು ಕೆಲವರಿಗೆ ಪರಿಚಯದವನ ಕೈಗೆ ಕೊಟ್ಟದ್ದು ಬರೀ 'ಖರ್ಚು'. ಹಾಗಾಗಿ ಪ್ರಯಾಣದ ಕ್ರಮದಲ್ಲೇ ಕೇಳುತ್ತಾ ಹೋಗಬೇಕು. ಈ ಕೆಲಸದ ಸುದ್ದಿ ಯಾರು ಹೇಳಿದರು? ವೈದ್ಯಕೀಯ ಪರೀಕ್ಷೆಗೆ ದುಡ್ಡು ಯಾರದು? ಪಾಸ್‌ಪೋರ್ಟ್, ವೀಸಾ, ತರಬೇತಿ, ಟಿಕೆಟ್‌ಗೆ? ಕಾಯುವಾಗ ಉಳಿದುಕೊಂಡದ್ದೆಲ್ಲಿ? ಹಣ ಹೊಂದಿಸಲು ಏನು ಅಡವಿಟ್ಟಿರಿ, ಬಡ್ಡಿ ಎಷ್ಟು, ಇನ್ನೆಷ್ಟು ಬಾಕಿ? ಮೊತ್ತವನ್ನು ಅವರ ದೇಶದ ಹಣದಲ್ಲೇ ಬರೆದುಕೊಂಡು ಕೊನೆಗೆ ನೀವೇ ಕೂಡಿಸಿ. ಒಂದೇ ಕಡೆಯಿಂದ ಒಟ್ಟಿಗೆ ಬಂದವರ ಮೊತ್ತಗಳು ಹತ್ತಿರ ಹತ್ತಿರ ಇದ್ದರೆ ಲೆಕ್ಕವನ್ನು ನಂಬಬಹುದು. ಎಲ್ಲರ ಬಾಯಲ್ಲೂ ಅದೇ ವಾಕ್ಯ ಬಂದರೆ ಮಾತ್ರ ಅದು ಕಂಠಪಾಠ.

ದುಭಾಷಿ ಕಂಪನಿಯವನಾಗಿರಬಾರದು, ಅದೇ ಊರಿನ ಮೇಸ್ತ್ರಿಯಂತೂ ಬೇಡವೇ ಬೇಡ. ಇಬ್ಬರನ್ನೋ ಮೂವರನ್ನೋ ಮಾತ್ರ ಕರೆದರೆ ಯಾರು ಬಾಯಿಬಿಟ್ಟರೆಂದು ಸಂಜೆಗೇ ಗೊತ್ತಾಗುತ್ತದೆ. ಅದಕ್ಕೇ ಪ್ರತಿ ವಿಭಾಗದಿಂದಲೂ ಹಲವರನ್ನು ಕರೆಯಬೇಕು, ವರದಿಯಲ್ಲಿ ಹೆಸರು ಬರೆಯಬಾರದು.

"ನೇಮಕಾತಿ ಖರ್ಚು ಎಲ್ಲರೂ ಕೊಡುವುದೇ" ಎಂದು ಮಾಲೀಕರು ವಾದಿಸಿದರೆ ಉತ್ತರ ಸಿದ್ಧವಿರಲಿ. ಖಾಸಗಿ ನೇಮಕಾತಿ ಏಜೆನ್ಸಿಗಳ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1997ರಲ್ಲಿ ಮಾಡಿದ 181ನೇ ಒಪ್ಪಂದ, ಕೆಲವು ಅಪವಾದ ಬಿಟ್ಟರೆ, ಕಾರ್ಮಿಕರಿಂದ ಶುಲ್ಕ ಪಡೆಯುವುದನ್ನು ತಡೆಯುತ್ತದೆ. ಯಾವುದೆಲ್ಲ 'ನೇಮಕಾತಿ ಖರ್ಚು' ಎಂಬುದನ್ನು ಅದೇ ಸಂಸ್ಥೆ 2019ರಲ್ಲಿ ಪ್ರಕಟಿಸಿದ ವ್ಯಾಖ್ಯಾನ ಹೇಳುತ್ತದೆ: ವೈದ್ಯಕೀಯ ಪರೀಕ್ಷೆ, ವಿಮೆ, ಕೌಶಲ ಪರೀಕ್ಷೆ, ತರಬೇತಿ, ಸಲಕರಣೆ, ಪ್ರಯಾಣ ಮತ್ತು ತಂಗುವಿಕೆ, ಕಾಗದಪತ್ರದ ಖರ್ಚು.

ಕಾರ್ಮಿಕರ ಪಾಸ್‌ಪೋರ್ಟ್ ಕಂಪನಿಯ ಬಳಿ ಯಾಕಿದೆ ಎಂದರೆ "ಅವರೇ ಸಹಿ ಹಾಕಿ ಜೋಪಾನಕ್ಕೆ ಕೊಟ್ಟಿದ್ದಾರೆ" ಎಂಬ ಮಾತು ಬರುತ್ತದೆ. ಸಹಿಯ ಕಾಗದ ಬದಿಗಿಟ್ಟು, ಕಾರ್ಮಿಕರು ಪಾಸ್‌ಪೋರ್ಟ್ ವಾಪಸ್ ಪಡೆದದ್ದನ್ನು ಬರೆದಿಡುವ ಪುಸ್ತಕ ಕೇಳಿ. ಕೇಳಿದ ದಿನ, ಕೊಟ್ಟ ದಿನ, ನಡುವಿನ ಅಂತರ ನೋಡಿ. ಅದರಲ್ಲಿ 'ಕಾರಣ' ಎಂಬ ಕಾಲಂ ಇದ್ದರೆ ಅರ್ಧ ಉತ್ತರ ಸಿಕ್ಕಂತೆಯೇ. ತನ್ನದೇ ವಸ್ತು ಪಡೆಯಲು ಕಾರಣ ಯಾಕೆ? ಪರಿಹಾರ ಸರಳ: ಒಬ್ಬೊಬ್ಬರಿಗೊಂದು ಲಾಕರ್, ಕೀಲಿ ಅವರ ಬಳಿಯೇ.

ಸಂಬಳಕ್ಕೆ ಹಾಜರಿ ಪುಸ್ತಕ, ಸಂಬಳದ ಚೀಟಿ, ಬ್ಯಾಂಕಿಗೆ ಬಿದ್ದ ಮೊತ್ತ ಮೂರನ್ನೂ ಪಕ್ಕಪಕ್ಕ ಇಡಬೇಕು. ಹಾಜರಿಯಲ್ಲಿ ರಜೆ ಎಂದಿರುವ ದಿನ ಕ್ಯಾಂಟೀನಿನಲ್ಲಿ ಎಷ್ಟು ಊಟ ಬಡಿಸಿದ್ದಾರೆ ನೋಡಿ. ಹಾಜರಿ ಪುಸ್ತಕವನ್ನು ಎರಡು ಪ್ರತಿ ಬರೆಯುವವರು ಊಟದ ಲೆಕ್ಕ ತಿದ್ದಲು ಮರೆಯುತ್ತಾರೆ. ಬ್ಯಾಂಕಿಗೇ ಸಂಬಳ ಹೋಗುತ್ತದೆ ಎಂದಮಾತ್ರಕ್ಕೆ ನಿಶ್ಚಿಂತೆ ಬೇಡ. ಎಟಿಎಂ ಕಾರ್ಡ್ ಮೇಸ್ತ್ರಿಯ ಬಳಿ ಇರಬಹುದು. ಬಟವಾಡೆಯ ದಿನವೇ, ಒಂದೇ ಯಂತ್ರದಿಂದ, ನಿಮಿಷಗಳ ಅಂತರದಲ್ಲಿ ಹಲವು ಖಾತೆಗಳ ಹಣ ತೆಗೆದಿದ್ದರೆ ಅದೇ ಗುರುತು. ಕಾರ್ಮಿಕರ ಫೋನಿಗೆ ಬಂದ ಸಂದೇಶಗಳಲ್ಲೇ ಇದು ಕಾಣುತ್ತದೆ. ಕೆಲಸ ಕೊಡಿಸಿದ್ದಕ್ಕೆಂದು ಸಂಬಳದಲ್ಲಿ ಹಿಡಿಯುವುದನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1949ರ 95ನೇ ಒಪ್ಪಂದವೇ ನಿಷೇಧಿಸಿದೆ. 'ಸೇವಾ ಶುಲ್ಕ', 'ಠೇವಣಿ' ಎಂದು ಹೆಸರು ಬದಲಿಸಿದರೆ ವ್ಯತ್ಯಾಸವಾಗದು.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಕಾರ್ಮಿಕರು ಕೊಟ್ಟ ನೇಮಕಾತಿ ಖರ್ಚನ್ನು ಕಂಪನಿ ಅವರಿಗೆ ಮರುಪಾವತಿಸುವ ಹಂತದಲ್ಲಿ. ಕೆಲಸ ಬಿಟ್ಟು ಹೋದವರನ್ನು ಪಟ್ಟಿಯಿಂದ ಕೈಬಿಡುತ್ತಾರೆ. ರಸೀದಿ ತಂದರೆ ಮಾತ್ರ ಎನ್ನುತ್ತಾರೆ. ರಸೀದಿ ಕೊಡುವ ಏಜೆಂಟ್ ಎಲ್ಲಿದ್ದಾನೆ? ರಸೀದಿ ಇಲ್ಲದವರಿಗೆ ಅದೇ ದಾರಿಯಲ್ಲಿ ಬಂದ ಇತರರ ಮೊತ್ತವನ್ನೇ ಆಧಾರ ಮಾಡಿಕೊಳ್ಳಬೇಕು, ಬಡ್ಡಿಯನ್ನೂ ಸೇರಿಸಬೇಕು. ವರ್ಷಗಟ್ಟಲೆ ಕಂತು ಮಾಡಿ "ಇಲ್ಲೇ ಇದ್ದರೆ ಸಿಗುತ್ತದೆ" ಎಂದರೆ ಅದು ಇನ್ನೊಂದು ಸರಪಳಿ. ಹಣ ಕೈಸೇರಿದ ಕೆಲವು ವಾರಗಳ ನಂತರ ಅವರಿಗೆ ಫೋನ್ ಮಾಡಿ, ಏಜೆಂಟ್ ಅವರ ಊರಿನ ಮನೆಗೆ ಹೋಗಿ ಅದನ್ನು ವಾಪಸ್ ವಸೂಲಿ ಮಾಡಿದ್ದಾನೆಯೇ ಎಂದು ವಿಚಾರಿಸಬೇಕು.

ಇಷ್ಟಾದ ಮೇಲೆ ಏಜೆನ್ಸಿಯ ಬಿಲ್ ತರಿಸಿ. ಒಬ್ಬ ಕಾರ್ಮಿಕನಿಗೆ ಕಂಪನಿ ಕೊಟ್ಟ ಮೊತ್ತ ಟಿಕೆಟ್, ವೀಸಾ, ವೈದ್ಯಕೀಯ ಪರೀಕ್ಷೆ ಮೂರಕ್ಕೂ ಸಾಲದಿದ್ದರೆ ಉಳಿದದ್ದನ್ನು ಯಾರು ಕೊಟ್ಟರು ಎಂದು ಖರೀದಿ ವಿಭಾಗದವರನ್ನೇ ಕೂರಿಸಿಕೊಂಡು ಕೇಳಿ.