ಒಂದು ಚುಚ್ಚು ಉಳಿಸಲು ಹೋಗಿ

ಕರಿಮೆಣಸು ಕೊಯ್ಲು ಶುರುವಾಯಿತೆಂದರೆ ನಮ್ಮ ಕ್ಯಾಶುವಾಲ್ಟಿಗೆ ಏಣಿಯಿಂದ ಬಿದ್ದವರು ಬರುವುದೂ ಶುರು. ಆ ದಿನ ಪಿಕಪ್‌ನಲ್ಲಿ ಮಲಗಿಸಿಕೊಂಡು ತಂದವರು ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರದಿಂದ ಬಿದ್ದಿದ್ದರು. ತೊಡೆಮೂಳೆ ಮುರಿದು ಬಲತೊಡೆ ಊದಿಕೊಂಡಿತ್ತು. ಬಿಪಿ 80/50, ಕೈಕಾಲು ತಣ್ಣಗೆ. ಅಂಗಿ ಕತ್ತರಿಸುವಾಗ ಜೇಬಿನಿಂದ ಹಸಿ ಮೆಣಸಿನ ಕಾಳು ನೆಲಕ್ಕೆ ಉದುರಿದವು.

ಎಡಗೈಗೆ ಒಂದು ಕ್ಯಾನುಲಾ (ಡ್ರಿಪ್ ಹಾಕುವ ಸಣ್ಣ ನಳಿಕೆ) ಸಿಕ್ಕಿತು. ಬಲಗೈಯಲ್ಲಿ ಎರಡು ಸಲ ಚುಚ್ಚಿದೆ, ನರ ಸಿಗಲಿಲ್ಲ.

“ಆರ್‌ಎಲ್ ಮುಗೀತಲ್ವಾ? ಬ್ಲಡ್ ಬರೋತನಕ ಒಂದು ಕೊಲಾಯ್ಡ್ ಹಾಕಿ ಸಿಸ್ಟರ್,” ಅಂದರು ಡ್ಯೂಟಿ ಡಾಕ್ಟರ್. ಆರ್‌ಎಲ್ ಅಂದರೆ ರಿಂಗರ್ ಲ್ಯಾಕ್ಟೇಟ್, ಲವಣಗಳ ಡ್ರಿಪ್. ನಮ್ಮಲ್ಲಿ ಕೊಲಾಯ್ಡ್ ಅಂದರೆ ಹೀಮಾಕ್ಸೆಲ್, 500 ಎಂಎಲ್ ಬಾಟಲಿ. ಕೊಲಾಯ್ಡ್ ಎಂದರೇನು ಎಂಬ ಪ್ರಶ್ನೆಗೆ ನರ್ಸಿಂಗ್ ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದವಳು ನಾನು: ದೊಡ್ಡ ಅಣು, ರಕ್ತನಾಳದ ಗೋಡೆ ಸುಲಭಕ್ಕೆ ದಾಟದು, ನೀರನ್ನು ಒಳಗೇ ಹಿಡಿದಿಡುತ್ತದೆ. ಸಲೈನ್, ಆರ್‌ಎಲ್ ಬೇಗ ಹೊರಗೆ ಸೋರುತ್ತವೆ. ಅಲ್ಲಿಗೆ ನನ್ನ ಜ್ಞಾನ ಮುಗಿಯಿತು.

ಬಿದ್ದವರ ಬಾಮೈದ ಮಡಿಕೇರಿಯಿಂದ ಐಸ್‌ಬಾಕ್ಸ್‌ನಲ್ಲಿ ರಕ್ತ ತಂದ. ರಕ್ತ ಹೊಂದುತ್ತದೆ ಎಂಬ ಕ್ರಾಸ್ ಮ್ಯಾಚ್ ಚೀಟಿ, ಬ್ಯಾಗ್ ನಂಬರ್, ಗ್ರೂಪ್ ಎಲ್ಲ ಇಬ್ಬರು ಸೇರಿ ಜೋರಾಗಿ ಓದಿ ನೋಡಿದೆವು. ಲೈನ್ ಮಾತ್ರ ಒಂದೇ. ಮತ್ತೆ ಯಾಕೆ ಚುಚ್ಚುವುದು ಅಂತ ತ್ರೀ-ವೇ (ಎರಡು ಡ್ರಿಪ್ಪನ್ನು ಒಂದೇ ಲೈನಿಗೆ ಸೇರಿಸುವ ಕವಲು) ಹಾಕಿದೆ. ಒಂದು ಕಡೆ ಹೀಮಾಕ್ಸೆಲ್, ಇನ್ನೊಂದು ಕಡೆ ರಕ್ತ. ನನ್ನ ಜಾಣತನಕ್ಕೆ ನನಗೇ ಖುಷಿ.

ಸ್ವಲ್ಪ ಹೊತ್ತು ಚೆನ್ನಾಗಿಯೇ ಹೋಯಿತು. ಆಮೇಲೆ ಹನಿ ನಿಧಾನವಾಯಿತು. ರಕ್ತ ತಣ್ಣಗಿದೆ, ಅದಕ್ಕೇ ಅಂದುಕೊಂಡೆ. ಸ್ಟ್ಯಾಂಡ್ ಎತ್ತರಿಸಿದೆ. ಕೈ ಮಡಚಿರಬೇಕು ಅಂತ ನೆಟ್ಟಗೆ ಮಾಡಿ ಸ್ಪ್ಲಿಂಟ್ ಕಟ್ಟಿದೆ. “ಸಿಸ್ಟರೇ, ಹನಿ ಬೀಳ್ತಾ ಇಲ್ವಲ್ಲ,” ಅಂದರು ಹೆಂಡತಿ. “ಬೀಳುತ್ತೆ ಅಕ್ಕ, ಸ್ವಲ್ಪ ಹಿಂದೆ ನಿಲ್ಲಿ,” ಅಂದೆ. ನನಗಿಂತ ಮೊದಲು ಕಂಡದ್ದು ಅವರಿಗೆ. ಬಿಪಿ ನೋಡಿದರೆ ಮೇಲಿನದು 70. ಬ್ಯಾಗನ್ನು ಎರಡು ಕೈಯಲ್ಲಿ ಹಿಂಡಿದೆ, ಜಗ್ಗಲಿಲ್ಲ. 10 ಎಂಎಲ್ ಸಿರಿಂಜಿಗೆ ಸಲೈನ್ ಎಳೆದುಕೊಂಡು ತಳ್ಳಲು ಹೊರಟೆ. ಅದನ್ನು ನೆನೆದರೆ ಇವತ್ತಿಗೂ ಕೈ ಬೆವರುತ್ತದೆ.

ಇನ್‌ಚಾರ್ಜ್ ಸಿಸ್ಟರ್ ಬಂದು ಮಣಿಕಟ್ಟು ಹಿಡಿದರು. “ಆ ಕಡೆ ಏನು ಹೋಗ್ತಿದೆ?”

“ಕೊಲಾಯ್ಡ್ ಸಿಸ್ಟರ್.”

“ಬಾಟಲಿ ಮೇಲೆ ಕೊಲಾಯ್ಡ್ ಅಂತ ಬರ್ದಿದ್ಯಾ? ಓದು.”

ಓದಿದೆ. ಪಾಲಿಜೆಲಿನ್, ಅಂದರೆ ಜೆಲಟಿನ್‌ನಿಂದ ಮಾಡಿದ್ದು. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ. ಕ್ಯಾಲ್ಸಿಯಂ ಲೀಟರಿಗೆ 6.25 ಮಿಲಿಮೋಲ್. ಬ್ಯಾಗಿನ ರಕ್ತ ಹೆಪ್ಪುಗಟ್ಟದೆ ಇರುವುದೇ ಅದರೊಳಗಿನ ಸಿಟ್ರೇಟ್ ಎಂಬ ರಾಸಾಯನಿಕ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಿರುವುದರಿಂದ. ನಾನು ತ್ರೀ-ವೇಯಲ್ಲಿ ಮತ್ತಷ್ಟು ಕ್ಯಾಲ್ಸಿಯಂ ಒದಗಿಸುತ್ತಿದ್ದೆ. ಟ್ಯೂಬನ್ನು ಬೆಳಕಿಗೆ ಹಿಡಿದರು: ಒಳಗೆ ಕಪ್ಪುಗೆಂಪು ಎಳೆಯೊಂದು, ಮಳೆಗಾಲದ ತೋಟದ ಜಿಗಣೆಯ ಹಾಗೆ ಗೋಡೆಗೆ ಕಚ್ಚಿಕೊಂಡಿತ್ತು. ಅದನ್ನೇ ನಾನು ಮನುಷ್ಯನೊಳಕ್ಕೆ ತಳ್ಳಲಿದ್ದದ್ದು.

ಕ್ಯಾನುಲಾ ಸಮೇತ ಎಲ್ಲ ಕಿತ್ತು ಬಿಸಾಡಿದರು. ಡಾಕ್ಟರ್ ಕುತ್ತಿಗೆಯಲ್ಲಿ ಲೈನ್ ಹಾಕಿದರು. ಹೊಸ ಬಿಟಿ ಸೆಟ್ (ರಕ್ತ ಹಾಕುವ ಟ್ಯೂಬು), ಎನ್‌ಎಸ್ ಅಂದರೆ ಸಾದಾ ಸಲೈನ್, ಮತ್ತೆ ರಕ್ತ. ಇಪ್ಪತ್ತು ನಿಮಿಷ ನನ್ನಿಂದ ಹಾಳು. ಬಿಪಿ 100 ಮುಟ್ಟಿದ ಮೇಲೆ ಮೈಸೂರಿಗೆ ಕಳಿಸಿದೆವು. ಈಗ ಕುಂಟುತ್ತಾ ನಡೆಯುತ್ತಾರೆ, ಮರ ಹತ್ತುವುದಿಲ್ಲ.

ಆಮೇಲೆ ಕೂತು ಓದಿದೆ. ಕೊಲಾಯ್ಡ್ ಎಂಬ ಹೆಸರಿಟ್ಟದ್ದು 1861ರಲ್ಲಿ ಥಾಮಸ್ ಗ್ರಹಾಂ. ಗ್ರೀಕಿನಲ್ಲಿ ಕೊಲ್ಲ ಅಂದರೆ ಅಂಟು. ಚರ್ಮಕಾಗದದ ಪೊರೆಯನ್ನು ಸುಲಭಕ್ಕೆ ದಾಟದ ಜೆಲಟಿನ್‌ನಂಥವು ಒಂದು ಗುಂಪು, ದಾಟುವ ಉಪ್ಪು ಸಕ್ಕರೆ ಇನ್ನೊಂದು. ಶಾಲೆಯ ಪುಸ್ತಕದಲ್ಲಿ ಇದೇ ಕಲಿಲ. ಮಡಿಕೇರಿ ರಸ್ತೆಯ ಮಂಜೂ ಕಲಿಲವೇ, ಹೆಡ್‌ಲೈಟ್ ಬೆಳಕು ಕಂಬದ ಹಾಗೆ ಕಾಣುವುದು ಅದಕ್ಕೇ. ಥೈರಾಯ್ಡ್ ರಿಪೋರ್ಟಿನ ಕೊಲಾಯ್ಡ್ (ಗ್ರಂಥಿಯೊಳಗಿನ ಅಂಟು ದ್ರವ) ಬೇರೆ, ನಮ್ಮ ಡ್ರಿಪ್ಪಿನದ್ದು ಬೇರೆ. ಅಷ್ಟಕ್ಕೂ ದುಬಾರಿ ಬಾಟಲಿಯೇ ಮೇಲು ಅಂತಲೂ ಇಲ್ಲ. 2004ರಲ್ಲಿ ಪ್ರಕಟವಾದ ಸೇಫ್ ಅಧ್ಯಯನದಲ್ಲಿ ಸುಮಾರು 7,000 ಐಸಿಯು ರೋಗಿಗಳಲ್ಲಿ ರಕ್ತದ ಪ್ರೋಟೀನಿನ ಕೊಲಾಯ್ಡ್ ಆದ ಆಲ್ಬುಮಿನ್‌ಗೂ ಸಾದಾ ಸಲೈನ್‌ಗೂ 28 ದಿನಗಳ ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಇನ್ಸಿಡೆಂಟ್ ರಿಪೋರ್ಟ್ ಬರೆದುಕೊಟ್ಟೆ. ಮ್ಯಾನೇಜ್‌ಮೆಂಟ್‌ನವರು ಒಂದು ವಾರಕ್ಕೆ ನೋಟಿಸ್ ಅಂಟಿಸಿದರು, ಲ್ಯಾಮಿನೇಷನ್ ಮಾಡಿಸಿ: “ಕೊಲಾಯ್ಡ್ ಮತ್ತು ರಕ್ತ ಒಂದೇ ಲೈನಿನಲ್ಲಿ ಹಾಕಬಾರದು.” ಮತ್ತೆ ಅದೇ! ಆಲ್ಬುಮಿನ್ನೂ ಕೊಲಾಯ್ಡೇ, ಅದಕ್ಕೆ ಕ್ಯಾಲ್ಸಿಯಂ ಸೇರಿಸಿರುವುದಿಲ್ಲ. ಆರ್‌ಎಲ್ ಕೊಲಾಯ್ಡಲ್ಲ, ಅದರಲ್ಲಿ ಕ್ಯಾಲ್ಸಿಯಂ ಇದೆ. ರಕ್ತದ ಜೊತೆ ಎನ್‌ಎಸ್ ಬಿಟ್ಟು ಬೇರೇನೂ ಬೇಡ ಅಂದಿದ್ದರೆ ಸಾಕಿತ್ತು. ಹೇಳಿದೆ. “ಪ್ರಿಂಟ್ ಆಗಿಹೋಯ್ತಲ್ಲ ಸಿಸ್ಟರ್,” ಅಂದರು.

ಲ್ಯಾಮಿನೇಷನ್ ಮೇಲೆ ಪೆನ್ ಹಿಡಿಯುವುದಿಲ್ಲ. ಒಂದು ತುಂಡು ಪ್ಲಾಸ್ಟರ್ ಅಂಟಿಸಿ “ಆರ್‌ಎಲ್ ಕೂಡ” ಅಂತ ಬರೆದಿದ್ದೇನೆ. ಈ ಮಳೆಗಾಲದ ಥಂಡಿಗೆ ಅಂಟು ಬಿಟ್ಟು ಈಗಾಗಲೇ ಎರಡು ಸಲ ಬಿದ್ದಿದೆ.