ಮೂಗಿನ ಮೇಲೆ ಗುಮ್ಮಟ ಹೊತ್ತ ಮೃಗ

ಕೀನ್ಯಾದ ಕಿಸುಮುಗೆ ಬಂದ ಮೇಲೆ ಊರಿಂದ ಫೋನ್ ಮಾಡುವವರೆಲ್ಲ ಕೇಳೋದು ಒಂದೇ, "ಸಿಂಹ ನೋಡಿದ್ರಾ?" ನೋಡಿದೆ, ಬಿಡಿ. ನನಗೆ ಹುಚ್ಚು ಹಿಡಿಸಿದ್ದು ಮಾತ್ರ ಎಂದೋ ಅಳಿದುಹೋದ ಒಂದು ಹುಲ್ಲು ತಿನ್ನೋ ಪ್ರಾಣಿ.

ವಿಕ್ಟೋರಿಯಾ ಸರೋವರದಲ್ಲಿ ರುಸಿಂಗಾ ಅಂತ ಒಂದು ದ್ವೀಪ ಇದೆ. ಎಂಬಿಟಾದಲ್ಲಿ ಸೇತುವೆ ದಾಟಿದರೆ ಅಲ್ಲಿಗೆ ತಲುಪಿದ ಹಾಗೆ. ಅಲ್ಲಿ ಸಿಕ್ಕ ಪಳೆಯುಳಿಕೆಗೆ 1984ರಲ್ಲಿ ರುಸಿಂಗೋರಿಕ್ಸ್ ಅಂತ ಹೆಸರಿಟ್ಟರು.

ಅದರ ತಲೆಬುರುಡೆಯನ್ನು ಪಕ್ಕದಿಂದ ನೋಡಬೇಕು. ಕಣ್ಣಿನ ಮುಂದೆ, ಮೂಗಿನ ಮೇಲೆ, ಎಲುಬು ಗುಮ್ಮಟದ ಹಾಗೆ ಉಬ್ಬಿದೆ. ಒಳಗೆ ಪೂರ್ತಿ ಟೊಳ್ಳು. ಉಸಿರು ನೇರವಾಗಿ ಗಂಟಲಿಗೆ ಇಳಿಯೋದಿಲ್ಲ, ಗುಮ್ಮಟದೊಳಗೆ ಸುತ್ತಿ ಬರಬೇಕು. ಮರಿಗಳ ಬುರುಡೆಯಲ್ಲಿ ಈ ಉಬ್ಬು ಚಿಕ್ಕದು, ಬೆಳೆಯುತ್ತಾ ದೊಡ್ಡದಾಗುತ್ತದೆ. ಇಂಥ ಮೂಗು ಈಗ ಬದುಕಿರುವ ಯಾವ ಸಸ್ತನಿಗೂ ಇಲ್ಲ. ಹೋಲಿಕೆ ಸಿಕ್ಕಿದ್ದು ಕೋಟ್ಯಂತರ ವರ್ಷ ಹಿಂದಿನ ಬಾತುಮೂತಿ ಡೈನೋಸಾರ್‌ಗಳಲ್ಲಿ! ಈ ಟೊಳ್ಳಿನಿಂದ ಕೂಗು ತುಂಬ ಆಳಕ್ಕಿಳಿದು, ದೂರದ ಹಿಂಡಿಗೂ ಕೇಳುತ್ತಿತ್ತೇನೋ ಅನ್ನೋದು 2016ರಲ್ಲಿ ಪ್ರಕಟವಾದ ಅಧ್ಯಯನದ ಊಹೆ.

ಹಾಗಾದರೆ ಇದು ಯಾರ ಪೈಕಿ? ಮೂಗನ್ನು ಕೇಳಿದರೆ ದಾರಿ ತಪ್ಪಿಸುತ್ತೆ. ಅಷ್ಟೇನೂ ಗಮನ ಸೆಳೆಯದ ಭಾಗಗಳನ್ನೇ ನೋಡಬೇಕು. ಕೊಂಬಿನ ಒಳಗೆ ಎಲುಬಿನ ತಿರುಳಿದೆ, ಕವಲಿಲ್ಲ. ಹಾಗಾಗಿ ಜಿಂಕೆ, ಕಡವೆಗಳ ಕಡೆಯದಲ್ಲ, ಹಸು, ಕುರಿ, ಕೃಷ್ಣಮೃಗಗಳ ದೊಡ್ಡ ಕುಟುಂಬದ್ದು. ಹಲ್ಲು, ಕೊಂಬು, ಬುರುಡೆಯ ಹಿಂಭಾಗ ಎಲ್ಲ ಸೇರಿಸಿ ನೋಡಿದಾಗ ಅದು ವೈಲ್ಡ್‌ಬೀಸ್ಟ್‌ಗಳ, ಅಂದರೆ ಆಫ್ರಿಕಾದಲ್ಲಿ ಹಿಂಡು ಹಿಂಡಾಗಿ ಮೇಯೋ ದೊಡ್ಡ ಹುಲ್ಲೆಗಳ, ಗುಂಪಿಗೆ ಸೇರುತ್ತದೆ. ತೀರಾ ಹತ್ತಿರದ ನಂಟು ಮೆಗಲೋಟ್ರಾಗಸ್ ಅನ್ನೋ ಭಾರೀ ಮೃಗದ ಜೊತೆ. ಅದೂ ಈಗಿಲ್ಲ. ಮಸಾಯಿ ಮಾರಾದಲ್ಲಿ ನೀವು ಫೋಟೋ ತೆಗೆಯೋ ಹಿಂಡುಗಳಿಗೆ ಇಂಥ ಸೋದರಸಂಬಂಧಿಗಳಿದ್ದರು ಅಂತ ಸಫಾರಿ ಗೈಡ್‌ಗಳು ಹೇಳಿದ್ದನ್ನು ನಾನಂತೂ ಕೇಳಿಲ್ಲ.

ದ್ವೀಪದ ಒಂದು ಕಡೆ ಇವುಗಳ ಎಲುಬು ರಾಶಿ ರಾಶಿಯಾಗಿ, ಕಲ್ಲಿನ ಆಯುಧಗಳ ಜೊತೆಗೇ ಸಿಕ್ಕಿವೆ. ಕೆಲವು ಎಲುಬುಗಳ ಮೇಲೆ ಕೊಯ್ದ ಗುರುತೂ ಇದೆ. ಸುಮಾರು 70 ಸಾವಿರ ವರ್ಷದ ಹಿಂದೆ ಮನುಷ್ಯರು ಇವನ್ನು ಬೇಟೆಯಾಡಿ ತಿನ್ನುತ್ತಿದ್ದರು.

ಇನ್ನೊಂದು ಮಾತು. ಇಷ್ಟು ದೊಡ್ಡ ಮೇಯುವ ಹಿಂಡಿಗೆ ಪುಟ್ಟ ದ್ವೀಪ ಸಾಲದು ಅಲ್ವಾ? ಆಗ ಸರೋವರ ಕುಗ್ಗಿ, ರುಸಿಂಗಾ ಸುತ್ತಲಿನ ನೆಲಕ್ಕೆ ಸೇರಿಕೊಂಡಿತ್ತು. ಈಗ ದೋಣಿಗಳು ಓಡಾಡೋ ಕಡೆಯೆಲ್ಲ ಹುಲ್ಲುಗಾವಲು ಇತ್ತು ಅಂತ ಸಂಶೋಧಕರು ಹೇಳುತ್ತಾರೆ.